ಜೋಡಿ ಕೋರೆಯ ಮರಿ

ನಾಯಿಮರಿಯ ಹಾಲುಹಲ್ಲು ಕೀಳಲು ಸರ್ಕಾರಿ ಸಲೋತ್ರಿ ಬೇಕೇನು ಎಂದು ನನ್ನನ್ನು ಕೇಳಿ ನಕ್ಕವರಿಗೆ ಲೆಕ್ಕವಿಲ್ಲ. ಬೇಕು ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ನಕ್ಕವರಲ್ಲಿ ಒಬ್ಬರೂ ಮರಿಯ ತುಟಿ ಎತ್ತಿ ನೋಡಿದವರಲ್ಲ.

ನಿಜಾಮರ ಸೀಮೆಯಲ್ಲಿ ದನ ಕುದುರೆಗಳ ಡಾಕ್ಟರಿಗೆ ಸಲೋತ್ರಿ ಎನ್ನುತ್ತಿದ್ದರು. ನಾನು ಹುಮನಾಬಾದಿನ ದನದ ಆಸ್ಪತ್ರೆಯಲ್ಲಿದ್ದೆ. ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ಮಳೆ ಹಿಂದೆ ಸರಿದು ಎಲ್ಲರೂ ಬಿಳಿಜೋಳದ ಬಿತ್ತನೆಯಲ್ಲಿ ಮುಳುಗಿದ್ದಾಗ ಕಲ್ಯಾಣಿಯ ಕಡೆಯಿಂದ ಒಂದು ಕರೆ ಬಂತು. ಈಗ ಬಸವಕಲ್ಯಾಣ ಎನ್ನುವ ಊರಿಗೆ ಆಗ ಅದೇ ಹೆಸರು. ಅಲ್ಲಿಂದ ಮಂಠಾಳಕ್ಕೆ ಹೋಗುವ ದಾರಿಯಲ್ಲಿ ಒಬ್ಬ ಜಾಗೀರದಾರರ ದೇವಡಿ, ಎಂದರೆ ಅವರ ದೊಡ್ಡ ಮನೆ, ಇತ್ತು. ಅವರು ವರ್ಷದ ಬಹುಪಾಲು ಹೈದರಾಬಾದಿನಲ್ಲಿರುತ್ತಿದ್ದರು. ಅವರ ಮೆಚ್ಚಿನ ಕುದುರೆ ಕುಂಟುತ್ತಿದೆ, ಕೂಡಲೇ ಬರಬೇಕು ಎಂದು ಆಳು ಬಂದಿದ್ದ.

ಬೆಳಗಿನ ಮೋಟಾರು ಹಿಡಿದು ಹೋದೆ. ಗೊರಸಿಗೆ ಮೊಳೆ ಹೊಕ್ಕು ಒಳಗೆ ಕೀವಾಗಿತ್ತು. ಕೆರೆದು ದಾರಿ ಮಾಡಿ, ಕೀವು ಹರಿಸಿ, ಕಟ್ಟು ಹಾಕಿ ಕೈ ತೊಳೆಯುತ್ತಿದ್ದೆ. ಅಷ್ಟರಲ್ಲಿ ನಾಯಿಗಳ ಕೊಟ್ಟಿಗೆಯ ಕಡೆಯಿಂದ ಒಬ್ಬ ಮುದುಕಿ ಬಂದು ನಿಂತಳು. ದೇವಡಿಯ ಬೇಟೆನಾಯಿಗಳು ಈದ ಮರಿಗಳನ್ನು ದೊಡ್ಡದು ಮಾಡುವುದು ಅವಳ ಕೆಲಸ. ಎಲ್ಲರೂ ಅವಳನ್ನು ಖಾಲಾ, ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

"ಡಾಕ್ಟರ್ ಸಾಬ್, ಒಂದು ಮರಿ ನೋಡ್ರಿ. ರೊಟ್ಟಿ ಮುಟ್ಟವಲ್ದು. ಬಾಯಿಗೆ ಕೈ ಹಚ್ಚಿದ್ರ ಕಡಿಯಾಕ ಬರ್ತದ."

"ಎಷ್ಟು ತಿಂಗಳಿಂದು, ಖಾಲಾ?"

"ಐದು ತುಂಬಿ ಮ್ಯಾಲ ಆತ್ರಿ."

ಆ ವಯಸ್ಸು ಕೇಳಿದ ಕೂಡಲೇ ನನಗೆ ಹಲ್ಲಿನ ನೆನಪಾಯಿತು. ನಾಯಿಮರಿಗೆ ಮೊದಲು ಬರುವವು ಸೂಜಿಯಂಥ ಹಾಲುಹಲ್ಲು. ನಾಲ್ಕು ತಿಂಗಳ ಹೊತ್ತಿಗೆ ಮುಂದಿನ ಸಣ್ಣ ಹಲ್ಲುಗಳು ಉದುರಿ ಹೊಸವು ಮೂಡುತ್ತವೆ. ಐದು, ಆರರಲ್ಲಿ ಕೋರೆಯ ಸರದಿ. ಹೊಸ ಕೋರೆ ಕೆಳಗಿನಿಂದ ಏಳುತ್ತ ಹಾಲುಕೋರೆಯ ಬೇರನ್ನು ಸವೆಸಬೇಕು, ಹಳೆಯದು ತಾನಾಗಿ ಬೀಳಬೇಕು. ಬಹಳಷ್ಟು ಮರಿಗಳು ಆ ಹಲ್ಲನ್ನು ನುಂಗಿಬಿಡುವುದರಿಂದ ಸಾಕಿದವರಿಗೆ ಹಲ್ಲು ಬಿದ್ದದ್ದೇ ತಿಳಿಯುವುದಿಲ್ಲ. ಒಮ್ಮೊಮ್ಮೆ ಹಳೆಯದು ಬೀಳುವುದಿಲ್ಲ. ಹೊಸದು ಅದರ ಮಗ್ಗುಲಲ್ಲೇ ಎದ್ದು ಒಂದು ಕೋರೆಯ ಜಾಗದಲ್ಲಿ ಎರಡು ನಿಲ್ಲುತ್ತವೆ.

ಮರಿ ಹೆಣ್ಣು, ಜೋಳದ ಹಿಟ್ಟಿನ ಬಣ್ಣದ್ದು. ಉದ್ದ ಮೂತಿ, ತೆಳು ಸೊಂಟ, ಮೈಯೆಲ್ಲ ಕಾಲು. ನೆಲದ ಮೇಲೆ ಕೂತು, ಅದರ ಬೆನ್ನು ನನ್ನ ಎದೆಗೆ ಬರುವ ಹಾಗೆ ತೊಡೆಯ ನಡುವೆ ಕೂರಿಸಿಕೊಂಡೆ. ಬಾಯಿ ತೆರೆಯಲು ಹೋಗಲಿಲ್ಲ. ಅವಸರದವರು ಮೊದಲೇ ಬಾಯಿ ತೆರೆಯುತ್ತಾರೆ, ಕಡಿಸಿಕೊಳ್ಳುತ್ತಾರೆ. ಬಾಯಿ ಮುಚ್ಚಿದ್ದ ಹಾಗೆಯೇ ತುಟಿಯನ್ನಷ್ಟೇ ಎತ್ತಿದೆ. ಮೇಲೆ ಎರಡೂ ಕಡೆ ಜೋಡಿ ಕೋರೆ, ಕೆಳಗೂ ಜೋಡಿ ಕೋರೆ. ಕೆಳಗಿನ ಹಾಲುಕೋರೆಗಳು ಹೊರಗೆ ಅಡ್ಡ ನಿಂತು ಹೊಸವನ್ನು ಒಳಕ್ಕೆ, ನಾಲಗೆಯ ಕಡೆಗೆ ತಳ್ಳಿದ್ದವು. ಬಾಯಿ ಮುಚ್ಚಿದಾಗಲೆಲ್ಲ ಆ ಎಳೆಯ ಕೋರೆಗಳ ತುದಿ ಹೋಗಿ ಅಂಗುಳಕ್ಕೆ ಚುಚ್ಚುತ್ತಿತ್ತು. ಮೆಲ್ಲಗೆ ಬಾಯಿ ಬಿಡಿಸಿ ನೋಡಿದರೆ ಅಂಗುಳದಲ್ಲಿ ಎರಡು ಹಸಿ ತೂತು. ಮರಿ ಉಪವಾಸ ಯಾಕಿದೆ, ಮುಟ್ಟಿದರೆ ಯಾಕೆ ಹಲ್ಲು ಕಿರಿಯುತ್ತದೆ ಎಂದು ಇನ್ನು ಯಾರನ್ನೂ ಕೇಳುವ ಅಗತ್ಯವಿರಲಿಲ್ಲ.

ಅದರ ಒಡಹುಟ್ಟಿದವುಗಳನ್ನೂ ನೋಡಿದೆ. ಒಂದು ಕರಿ ಗಂಡು, ಒಂದು ಕಂದು ಗಂಡು, ಇವಕ್ಕೂ ಮೇಲೆ ಜೋಡಿ ಕೋರೆ. ಉಳಿದ ಎರಡರ ಬಾಯಿ ಸರಿಯಿತ್ತು.

ಅಷ್ಟರಲ್ಲಿ ಮೀರ್‌ಶಿಕಾರಿ ಬಂದ. ಬೇಟೆಯ ನಾಯಿ, ಗಿಡುಗ, ಆಳುಗಳೆಲ್ಲ ಅವನ ಕೈಯಲ್ಲಿ. ನೆಟ್ಟಗಿನ ಆಳು, ಮೀಸೆಗೆ ಮೆಹಂದಿ, ಮಾತು ಮಾತ್ರ ಕತ್ತರಿಸಿದ ಹಾಗೆ.

"ಸಲೋತ್ರಿ ಸಾಬ್, ನಿಮ್ಮನ್ನ ಕರೆಸಿದ್ದು ಕುದ್ರಿಗೆ."

"ಕುದ್ರಿ ಕೆಲಸ ಮುಗೀತ್ರಿ. ಈ ಮರಿಗೆ ಹಾಲುಕೋರೆ ಉಳದಾವ. ತಗದ್ರ ಆರಾಮ ಆಗ್ತದ."

"ಜೋಡಿ ಕೋರೆ ನಾಯಿ ಮಾಲಕಂಗ ಕಡೀತದ. ನಮ್ಮ ಅಪ್ಪ, ಅಜ್ಜ ಅಂದಿದ್ದು ಇದ. ನಿಮಗ ನಂಬಿಕಿ ಇಲ್ಲಂದ್ರ ಕೈ ಇಟ್ಟು ನೋಡ್ರಿ."

"ನೋವಿಗೆ ಕಡಿಯಾಕತ್ತದ್ರಿ."

"ಯಾತಕ್ಕರ ಕಡೀಲಿ. ಕಡಿಯೋದು ಖರೇ ಅಲ್ಲೇನು? ನನ್ನ ನಾಯಿ ಬಾಯಾಗ ಕಬ್ಬಿಣ ಹೋಗಂಗಿಲ್ಲ."

ನನಗೆ ಮೈ ಉರಿಯಿತು. ಆದರೆ ಅವನನ್ನು ಮೂರ್ಖ ಎನ್ನಲಾರೆ. ಅವನು ಕಂಡದ್ದು ನಿಜ, ಜೋಡಿ ಕೋರೆಯ ಮರಿ ಕಡಿಯುತ್ತಿತ್ತು. ಯಾಕೆ ಎಂದು ಅವನ ಮನೆತನದಲ್ಲಿ ಯಾರೂ ಕೇಳಿರಲಿಲ್ಲ ಅಷ್ಟೆ. ಅದರ ಮೇಲೆ ಇನ್ನೊಂದು ಕಟ್ಟಳೆ ಬೇರೆ. ದೇವಡಿಯ ಮರಿಗಳಿಗೆ ಎಲುಬು ಹಾಕುತ್ತಿರಲಿಲ್ಲ. ಕಡಿಯಲು ಕಲಿತ ಮರಿ ಮುಂದೆ ಹಿಡಿದ ಮೊಲವನ್ನು ತಾನೇ ತಿನ್ನುತ್ತದೆ ಎಂದು, ಹಲ್ಲು ಬದಲಾಗುವ ತಿಂಗಳುಗಳಲ್ಲಿ ಬರೀ ಹಾಲಿನಲ್ಲಿ ನೆನೆಸಿದ ರೊಟ್ಟಿ. ಮಂಠಾಳದ ಕುರುಬರ ನಾಯಿಮರಿಗಳು ಕೊಂಬು, ಗೊರಸು, ಹಳೆಯ ಚಪ್ಪಲಿ ಎಂದು ಸಿಕ್ಕಿದ್ದನ್ನೆಲ್ಲ ಜಗಿಯುತ್ತಿದ್ದವು. ಅವುಗಳಲ್ಲಿ ಜೋಡಿ ಕೋರೆಯನ್ನು ನಾನು ಅಪರೂಪಕ್ಕೆ ಕಂಡಿದ್ದೆ. ಇದು ರಕ್ತದಲ್ಲೂ ಬರುತ್ತದೆ, ಜಗಿಯುವುದೊಂದೇ ಕಾರಣ ಎಂದು ಆಣೆ ಮಾಡಲಾರೆ. ಆದರೆ ಸಡಿಲಾದ ಹಲ್ಲು ಬೀಳಬೇಕಾದರೆ ಅದಕ್ಕೆ ಒಂದಿಷ್ಟು ಕೆಲಸ ಬೇಕು.

ಮೋಟಾರು ನಿಲ್ಲುವ ಜಾಗದವರೆಗೆ ಖಾಲಾ ನನ್ನ ಜೊತೆ ನಡೆದು ಬಂದಳು. ದಾರಿಯಲ್ಲಿ ಉಳಿದದ್ದನ್ನು ಹೇಳಿದಳು. ದೀಪಾವಳಿ ಕಳೆದು ಬೇಟೆ ಶುರುವಾಗುವ ಮುಂಚಿನ ಶುಕ್ರವಾರ ಬಾಯಿ ನೋಡುವ ದಿನ. ಮರಿಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಮೀರ್‌ಶಿಕಾರಿ ಒಂದೊಂದರ ಬಾಯಿ ನೋಡುತ್ತಾನೆ. ಒಪ್ಪಿದವಕ್ಕೆ ಕೊರಳಿಗೆ ತೊಗಲಿನ ಪಟ್ಟಾ ಕಟ್ಟುತ್ತಾನೆ. ಒಪ್ಪದವನ್ನು ದೇವಡಿಯ ಹಿಂದಿನ ಕೆಂಗಲ್ಲಿನ ಗಣಿಗೆ ಒಯ್ದು ಬಂದೂಕಿನಿಂದ ಹೊಡೆಯುತ್ತಾರೆ.

"ಯಾರು ಒಯ್ತಾರ?" ಎಂದೆ.

"ನಾನ ಒಯ್ತೀನಿ, ಬೇಟಾ. ಹಗ್ಗ ನನ್ನ ಕೈಯಾಗ ಕೊಡ್ತಾರ. ಬ್ಯಾರೆಯವ್ರ ಹಿಂದ ಅವು ಹೋಗಂಗಿಲ್ಲ, ಕುಂತುಬಿಡ್ತಾವ. ನಾ ಮುಂದ ನಡದ್ರ ಬಾಲ ಅಲ್ಲಾಡಿಸಕೋತ ಬರ್ತಾವ. ಅನ್ನ ಹಾಕಿದ ಕೈ ಅಲ್ಲೇನು."

ಹುಮನಾಬಾದ್ ಮುಟ್ಟುವವರೆಗೆ ನನಗೆ ಬೇರೇನೂ ತಲೆಗೆ ಹೋಗಲಿಲ್ಲ. ಆ ಮೂರು ಮರಿ ಗಣಿಗೆ ಹೋಗಬಾರದು, ಆ ಮುದುಕಿ ಹಗ್ಗ ಹಿಡಿಯಬಾರದು. ಯಾರು ಬೇಡವೆಂದರೂ ಮಾಡಿಯೇ ಮಾಡುತ್ತೇನೆ ಎಂದು ಮೋಟಾರಿನಲ್ಲೇ ಹಟ ಹಿಡಿದೆ.

ಕುದುರೆಯ ಗಾಯಕ್ಕೆ ಕಟ್ಟು ಬದಲಿಸುವ ನೆಪವಿತ್ತು. ಖಾಲಾಳ ಗುಡಿಸಲು ದೇವಡಿಯ ಗೋಡೆಯ ಆಚೆ, ಮೀರ್‌ಶಿಕಾರಿಯ ಕಣ್ಣಿಗೆ ಬೀಳದ ಕಡೆ. ಮರಿಗಳನ್ನು ಅಲ್ಲಿಗೆ ತರಲು ಅವಳು ಒಪ್ಪಿದಳು. ಸಾಮಾನಿನದೇ ತಾಪತ್ರಯ. ನನ್ನ ಪೆಟ್ಟಿಗೆಯಲ್ಲಿದ್ದದ್ದು ಕುದುರೆಯ ಹಲ್ಲು ಉಜ್ಜುವ ಅರ, ಎತ್ತಿನ ಹಲ್ಲಿನ ಇಕ್ಕಳ. ಅದರಲ್ಲಿ ಮರಿಯ ಹಲ್ಲು ಹಿಡಿಯಲು ಹೋದರೆ ದವಡೆಯೇ ಕೈಗೆ ಬಂದೀತು. ಹುಮನಾಬಾದಿನ ಪೇಟೆಯಲ್ಲಿ ನನಗೆ ಪರಿಚಯದ ಒಬ್ಬ ಪತ್ತಾರನಿದ್ದ, ಚಿನ್ನದ ಕೆಲಸದವನು. ಅವನ ಒಂದು ಸಣ್ಣ ಉಳಿ ಕೇಳಿದೆ.

"ಯಾತಕ್ಕರಿ?"

"ನಾಯಿ ಹಲ್ಲು ಕೀಳಾಕ."

"ಬಂಗಾರದ ಹಲ್ಲು ಕೂಡಿಸಾಕ ಬೇಕಾದ್ರ ಅದನ್ನೂ ಹೇಳ್ರಿ ಮತ್ತ," ಎಂದು ನಕ್ಕ. ಆದರೆ ನಾನು ಕಾಗದದ ಮೇಲೆ ಬೇರಿನ ಬಾಗು ಬರೆದು ತೋರಿಸಿದಾಗ ನಗು ಬಿಟ್ಟು, ಉಳಿಯ ತುದಿಯನ್ನು ಅದೇ ಬಾಗಿಗೆ ಸಾಣೆ ಹಿಡಿದು ಕೊಟ್ಟ. ಹಿಡಿಯಲು ಒಂದು ತೆಳು ಮೂತಿಯ ಇಕ್ಕಳವನ್ನೂ ಕೊಟ್ಟ.

ಹಾಲುಕೋರೆ ನೋಡಲು ಸಣ್ಣದು, ಆದರೆ ಮೇಲೆ ಕಾಣುವುದಕ್ಕಿಂತ ಒಳಗಿನ ಬೇರು ಉದ್ದ. ತೆಳ್ಳಗೆ, ಬಿಲ್ಲಿನ ಹಾಗೆ ಬಾಗಿ ಹಿಂದಕ್ಕೆ ಹೋಗಿರುತ್ತದೆ. ಎಳೆದರೆ ಬರುವುದಿಲ್ಲ, ಮುರಿಯುತ್ತದೆ. ಬೇರಿಗೂ ಎಲುಬಿಗೂ ನಡುವೆ ಉಳಿಯ ತುದಿ ಇಳಿಸಿ ಸುತ್ತಲೂ ಸಡಿಲಿಸಬೇಕು. ಹೊಸ ಕೋರೆ ಇರುವ ಮಗ್ಗುಲಿಗೆ ಮಾತ್ರ ಒತ್ತಬಾರದು, ಅದರ ಬುಡ ಇನ್ನೂ ಎಳೆಯದು, ಜಜ್ಜಿದರೆ ಜೀವಮಾನಕ್ಕೂ ಕೆಟ್ಟಿತು. ಕ್ಲೋರೋಫಾರ್ಮ್ ಕೊಡುವ ಧೈರ್ಯ ನನಗಿರಲಿಲ್ಲ. ಈ ತೆಳು ಮೈಯ ಬೇಟೆನಾಯಿಗಳು ಅದರಿಂದ ಏಳದೇ ಹೋಗುವುದುಂಟು. ಒಸಡಿಗೆ ಮರಗಟ್ಟುವ ಸೂಜಿಮದ್ದು ಹಾಕಿಯೇ ಮಾಡಬೇಕು.

ಮೊದಲು ಕರಿ ಗಂಡು. ಖಾಲಾ ಅದರ ತಲೆಯನ್ನು ಮಡಿಲಲ್ಲಿ ಒತ್ತಿ ಹಿಡಿದು ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಳು. ಬಲಗಡೆಯದು ಚೆನ್ನಾಗಿ ಬಂತು. ಎಡಗಡೆಯದು ಸಡಿಲಾಯಿತು ಎಂದುಕೊಂಡು ಇಕ್ಕಳ ಹಾಕಿದೆ, ಟಕ್ ಎಂದಿತು. ಕೈಗೆ ಬಂದದ್ದು ಅರ್ಧ ಹಲ್ಲು.

"ಬಂತೇನು?" ಎಂದಳು ಖಾಲಾ.

"ಮುರೀತು."

ಅವಳು ಬೈಯಲಿಲ್ಲ, ಮರಿಯ ತಲೆ ಸವರುತ್ತ ಕೂತಳು. ನನಗೆ ಅದಕ್ಕಿಂತ ಬೈಗುಳವೇ ವಾಸಿ ಎನ್ನಿಸಿತು. ಒಳಗಿನ ತುಂಡು ತಾನೇ ಕರಗಬಹುದು ಎಂದು ಬಿಟ್ಟೆ. ಕರಗಲಿಲ್ಲ. ಮುಂದಿನ ಸಲ ಹೋದಾಗ ಮರಿಯ ಅರ್ಧ ಮುಖ ಊದಿತ್ತು, ಒಸಡಿನಿಂದ ಕೀವು. ಒಸಡನ್ನು ಉದ್ದಕ್ಕೆ ಕೊಯ್ದು, ಎಲುಬಿನ ಅಂಚನ್ನು ಸ್ವಲ್ಪ ಕೆರೆದು, ಆ ತುಂಡನ್ನು ಹುಡುಕಿ ತೆಗೆಯಬೇಕಾಯಿತು. ಉಪ್ಪುನೀರಿನಲ್ಲಿ ತೊಳೆದೆ. ಹೊಸ ಕೋರೆಗೆ ಪೆಟ್ಟಾಗಿರಲಿಲ್ಲ, ನನ್ನ ಪುಣ್ಯ. ಕಂದು ಮರಿಯದನ್ನು ಅದೇ ದಿನ ಅವಸರವಿಲ್ಲದೆ ಮಾಡಿದೆ. ಎರಡೂ ಬೇರು ತುದಿಯವರೆಗೆ ಇಡಿಯಾಗಿ ಬಂದವು. ಖಾಲಾ ಅವುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಇಷ್ಟು ಉದ್ದ ಬೇರು ಇರ್ತದೇನ್ರಿ," ಎಂದಳು. "ಇದಕ್ಕ ಅಂಜಿ ನಾವು ಗುಂಡು ಹಾಕ್ತಿದ್ವಿ."

ಹೆಣ್ಣುಮರಿ ಉಳಿದಿತ್ತು. ನಾಲ್ಕು ಹಲ್ಲು, ಅದರಲ್ಲಿ ಕೆಳಗಿನ ಎರಡು ಕಷ್ಟದವು. ಆಗಲೇ ಬೀದರಿನಿಂದ ಮೇಲಿನವರ ಹುಕುಂ ಬಂತು. ನಾಯಿಗಳಿಗೆ ಆಸ್ಪತ್ರೆಯ ಔಷಧ ಬಳಸಕೂಡದು, ಸೂಜಿಮದ್ದು ಜಾನುವಾರುಗಳಿಗೆ ಮಾತ್ರ. ಯಾರು ಚಾಡಿ ಹೇಳಿದರೋ ನಾನು ವಿಚಾರಿಸಲಿಲ್ಲ. ಹುಕುಮಿನಲ್ಲಿ ಔಷಧ ಬಳಸಬೇಡ ಎಂದಿತ್ತು. ಹೋಗಬೇಡ ಎಂದಿರಲಿಲ್ಲ. ಇದ್ದಿದ್ದರೂ ಹೋಗುತ್ತಿದ್ದೆ.

ಸೂಜಿಮದ್ದಿಲ್ಲದೆ ಕೆಳಗಿನ ಕೋರೆಗಳನ್ನು ಒಮ್ಮೆಗೇ ಕೀಳುವುದು ಕಟುಕತನ. ಆಗ ನಾನು ಮನಸ್ಸು ಬದಲಿಸಿದೆ. ಕೀಳುವುದೇ ಬೇಡ, ಬೀಳಿಸೋಣ ಎಂದುಕೊಂಡೆ. ಪ್ರಕೃತಿ ತಿಂಗಳುಗಟ್ಟಲೆ ಮಾಡಬೇಕಾದ ಕೆಲಸವನ್ನು ವಾರಗಳಲ್ಲಿ ಮಾಡಬೇಕು, ಪೆಟ್ಟು ಕೊಡದೆ. ಅತ್ತರಿನ ಅಂಗಡಿಯಿಂದ ಲವಂಗದ ಎಣ್ಣೆ ತಂದೆ. ಅದನ್ನು ಒಸಡಿಗೆ ಒರೆಸಿ, ಮರಗಟ್ಟಿದ ಮೇಲೆ, ಉಳಿಯ ತುದಿಯನ್ನು ಒಂದು ಕೂದಲಿನಷ್ಟು ಇಳಿಸುವುದು, ನಿಲ್ಲಿಸುವುದು. ಮರಿ ಮುಖ ತಿರುಗಿಸಿದರೆ ಆವತ್ತಿನ ಕೆಲಸ ಮುಗಿಯಿತು. ನಾನಿಲ್ಲದ ದಿನ ಖಾಲಾ ಲವಂಗದೆಣ್ಣೆ ಹಚ್ಚಿದ ಬೆರಳಿನಿಂದ ಹಲ್ಲನ್ನು ಹಿಂದೆ ಮುಂದೆ ಅಲುಗಿಸಬೇಕು. ಮೊದಲ ದಿನ ಮರಿ ಅವಳ ಬೆರಳು ಕಚ್ಚಿತು. ಅವಳು ಬೆರಳಿಗೆ ಬಟ್ಟೆ ಸುತ್ತಿ ಮತ್ತೆ ಒಳಗಿಟ್ಟಳು. ಕೆಲವು ದಿನಗಳಲ್ಲಿ ಅದು ಅವಳು ಕೂತ ಕೂಡಲೇ ಬಂದು ತಾನೇ ತುಟಿ ಕೊಡುವುದನ್ನು ಕಲಿಯಿತು.

ಮೇಲಿನ ಎರಡು ಹಾಲುಕೋರೆ ಬಿದ್ದವು. ಆಮೇಲೆ ಕೆಳಗಿನ ಒಂದು, ಕೊನೆಗೆ ಇನ್ನೊಂದು. ಅದನ್ನು ಖಾಲಾಳೇ ಕೈಯಿಂದ ತೆಗೆದಿದ್ದಳು, ನಾನು ಹೋದಾಗ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಸಂತೋಷಪಟ್ಟೆವು. ಆದರೆ ತುಟಿ ಎತ್ತಿ ನೋಡಿದರೆ ಹೊಸ ಕೋರೆಗಳು ಇನ್ನೂ ಒಳಕ್ಕೇ ವಾಲಿದ್ದವು. ಅಡ್ಡ ಇದ್ದದ್ದು ಹೋಗಿತ್ತು, ಆದರೆ ಹೊರಗೆ ಬನ್ನಿ ಎಂದು ಅವಕ್ಕೆ ಹೇಳುವವರಿರಲಿಲ್ಲ. ಅಂಗುಳದ ತೂತು ಮಾಯುತ್ತಿರಲಿಲ್ಲ. ಬಾಯಿ ನೋಡುವ ದಿನ ಹತ್ತಿರ ಬಂದಿತ್ತು.

ನಾನು ತಲೆ ಮೇಲೆ ಕೈಹೊತ್ತು ಖಾಲಾಳ ಹೊರಸಿನ ಮೇಲೆ ಕೂತೆ. ಮರಿ ನನ್ನ ಕಾಲ ಬುಡದಲ್ಲಿ ಬಿದ್ದುಕೊಂಡು ಹೊರಸಿನ ಕಾಲಿನ ಕಟ್ಟಿಗೆಯ ಗುಂಡನ್ನು ಕಡಿಯುತ್ತಿತ್ತು.

"ಅದಕ್ಕ ಬೈರಿ," ಎಂದಳು ಖಾಲಾ. "ನನ್ನ ಹೊರಸು ತಿಂದು ಮುಗಿಸ್ಯಾದ."

ಬಗ್ಗಿ ನೋಡಿದೆ. ಗುಂಡಿನ ಎರಡು ಮಗ್ಗುಲಿಗೂ ಹೊಸ ಗೀರು. ಆ ಗುಂಡು ಎರಡು ಕೆಳಕೋರೆಗಳ ನಡುವೆ ಬಿಗಿಯಾಗಿ ಕೂರುತ್ತಿತ್ತು. ಮರಿ ಒತ್ತಿ ಕಡಿದಾಗ ಎರಡೂ ಕೋರೆ ಹೊರಕ್ಕೆ ತಳ್ಳಿಸಿಕೊಳ್ಳುತ್ತಿದ್ದವು. ನಾನು ಎದ್ದವನೇ ಬಡಿಗನ ಮನೆಗೆ ಹೋದೆ. ಕೋರೆಗಳ ನಡುವಿನ ಸಂದಿಗಿಂತ ಒಂದಿಷ್ಟು ದಪ್ಪಗೆ ಬೇವಿನ ಕಟ್ಟಿಗೆಯ ಗುಂಡು ಮಾಡಿಸಿದೆ. ಬರೀ ಕಟ್ಟಿಗೆಯಾದರೆ ಹಲ್ಲು ಸವೆದೀತು ಎಂದು ಖಾಲಾ ಅದಕ್ಕೆ ನೆನೆಸಿದ ತೊಗಲು ಬಿಗಿದು ಹೊಲಿದಳು. ಅದನ್ನು ಕುರಿಯ ಎಲುಬಿನ ಸಾರಿನಲ್ಲಿ ಅದ್ದಿ ಕೊಟ್ಟರೆ ಮರಿ ಹಗಲೆಲ್ಲ ಬಿಡುತ್ತಿರಲಿಲ್ಲ. ದೇವಡಿಯ ಕಟ್ಟಳೆ ಎರಡು ಕಡೆಯಿಂದ ಮುರಿದಿತ್ತು. ಬಾಯಿಗೆ ಕಬ್ಬಿಣವೂ ಹೋಗಿತ್ತು, ಎಲುಬಿನ ರುಚಿಯೂ ಹತ್ತಿತ್ತು.

ಶುಕ್ರವಾರ ಬಂತು. ಕರೆಯದಿದ್ದರೂ ನಾನು ಹೋದೆ. ನಮಾಜು ಮುಗಿಸಿ ಮೀರ್‌ಶಿಕಾರಿ ಅಂಗಳಕ್ಕೆ ಬಂದ. ಆಳುಗಳು ಗೋಡೆಗೆ ಒರಗಿ ನಿಂತಿದ್ದರು. ಐದು ಮರಿ ಸಾಲಾಗಿ ನಿಂತಿದ್ದವು, ಪಕ್ಕದಲ್ಲಿ ಖಾಲಾ. ಮೊದಲೆರಡಕ್ಕೆ ಪಟ್ಟಾ ಬಿತ್ತು. ಕಂದು ಗಂಡಿನ ತುಟಿ ಎತ್ತಿ ಅವನು ನನ್ನ ಕಡೆ ಒಮ್ಮೆ ನೋಡಿದ, ಪಟ್ಟಾ ಕಟ್ಟಿದ. ಕರಿ ಗಂಡಿಗೂ ಕಟ್ಟಿದ. ಹೆಣ್ಣುಮರಿಯ ಹತ್ತಿರ ಬಹಳ ಹೊತ್ತು ಕೂತ.

"ಜೋಡಿ ಹೋಗ್ಯಾದ. ಕೆಳಗಿನ ಕೋರೆ ಸೊಟ್ಟ ಅದ."

"ಇನ್ನಾ ಸರಿಯಾಕತ್ತದ್ರಿ," ಎಂದೆ. "ತುದಿ ಅಂಗುಳ ಬಿಟ್ಟಾದ. ಒಂದು ತಿಂಗಳು ಕೊಡ್ರಿ."

"ಕಡಿಯೋ ನಾಯಿ ಅಂತ ಎಲ್ರಿಗೂ ಗೊತ್ತದ. ಜಾಗೀರದಾರ್ ಸಾಹೇಬ್ರಿಗೆ ನಾ ಜವಾಬು ಕೊಡಬೇಕು, ನೀವಲ್ಲ." ಅವನು ಎದ್ದು, ಗೋಡೆಯ ಗೂಟದಲ್ಲಿದ್ದ ಹಗ್ಗ ತೆಗೆದು ಮರಿಯ ಕೊರಳಿಗೆ ಹಾಕಿ, ಇನ್ನೊಂದು ತುದಿಯನ್ನು ಪ್ರತಿ ವರ್ಷದ ಹಾಗೆ ಖಾಲಾಳ ಕಡೆ ಚಾಚಿದ.

ಖಾಲಾ ಕೈ ಚಾಚಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಹಿಡಿ," ಎಂದ.

"ಹಿಡಿಯಂಗಿಲ್ಲ, ಮೀರ್ ಸಾಬ್. ಇಷ್ಟು ವರ್ಷ ಒಯ್ದೆ. ಇನ್ನ ಒಯ್ಯಂಗಿಲ್ಲ. ಅದು ಕಡೀತದಂತ ನಿಮಗ ಖಾತ್ರಿ ಇದ್ರ ನೀವ ಒಯ್ರಿ."

ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ಕಣ್ಣಿನಲ್ಲೇ ನನ್ನನ್ನು ತಡೆದಳು. ಇದು ಅವಳ ಜಗಳವಾಗಿತ್ತು.

ಮೀರ್‌ಶಿಕಾರಿ ಒಬ್ಬ ಆಳಿನ ಕಡೆ ನೋಡಿದ. ಆ ಆಳು ನೆಲ ನೋಡಿದ. ಇನ್ನೊಬ್ಬ ಕುದುರೆಯ ಕಡೆ ಏನೋ ಕೆಲಸವಿದ್ದವನ ಹಾಗೆ ಸರಿದುಹೋದ. ಕೊನೆಗೆ ಅವನೇ ಹಗ್ಗ ಜಗ್ಗಿದ. ಮರಿ ಕೂತುಬಿಟ್ಟಿತು. ಮತ್ತೆ ಜಗ್ಗಿದ, ಮರಿ ಕೂತಲ್ಲೇ ಕಲ್ಲಿನ ಮೇಲೆ ಜಾರಿ ಬಂತು. ಬಗ್ಗಿ ಕುತ್ತಿಗೆ ಹಿಡಿದು ಎತ್ತಲು ಹೋದಾಗ ಅವನ ಕೈ ಅದರ ಮೂತಿಗೆ ತಾಗಿತು. ಬಾಯಿಗೆ ಕೈ ಬಂದಾಗ ಏನು ಮಾಡಬೇಕೆಂದು ಆ ವಾರಗಳಲ್ಲಿ ಮರಿ ಕಲಿತಿದ್ದು ಒಂದೇ. ಮುಖ ಮೇಲೆತ್ತಿ, ತುಟಿ ಸಡಿಲ ಬಿಟ್ಟು, ಬಾಯಿ ತೆರೆದು ಕಾಯುತ್ತ ಕೂತಿತು.

ಅವನ ಬೆರಳು ಆ ಸೊಟ್ಟ ಕೋರೆಗಳ ನಡುವೆ ಇತ್ತು. ಅವನು ಬೆರಳನ್ನು ಕೂಡಲೇ ತೆಗೆಯಲಿಲ್ಲ. ಆಮೇಲೆ ಎದ್ದು, ಕೈಯನ್ನು ಅಂಗಿಗೆ ಒರೆಸಿಕೊಂಡು, ಹಗ್ಗವನ್ನು ನೆಲಕ್ಕೆ ಬಿಟ್ಟ.

"ಬೇಟೆಗೆ ಇದು ನಡಿಯಂಗಿಲ್ಲ," ಎಂದ, ಯಾರನ್ನೂ ನೋಡದೆ. "ದೇವಡಿ ಹೊರಗ ಹಾಕ್ರಿ. ಎಲ್ಲಿಗರ ಹೋಗ್ಲಿ."

"ನಾನೂ ಅದರ ಜೋಡಿನ ಹೋಗ್ತೀನಿ," ಎಂದಳು ಖಾಲಾ.

ಆ ಸಂಜೆ ಹುಮನಾಬಾದಿನ ಮೋಟಾರಿನಲ್ಲಿ ನಾಯಿ ಹತ್ತಿಸಬೇಡಿ ಎಂದು ಕಂಡಕ್ಟರ್ ಜಗಳಕ್ಕೆ ಬಂದ. ಇದು ಸರ್ಕಾರಿ ಆಸ್ಪತ್ರೆಯ ರೋಗಿ, ಇಳಿಸು ನೋಡೋಣ ಎಂದೆ. ಹುಕುಂ ಕೊಟ್ಟವರು ಕೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಹೋಗಲಿ ಎಂದೇ ಕೂತಿದ್ದೆ. ಖಾಲಾ ಕಿಟಕಿಯ ಪಕ್ಕ ಮರಿಯನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಅದರ ಕೋರೆಯನ್ನು ಹೆಬ್ಬೆರಳಿನಿಂದ ಹೊರಕ್ಕೆ ಒತ್ತುತ್ತಿದ್ದಳು.

ಅವಳು ಆಸ್ಪತ್ರೆಯ ಹಿಂದಿನ ಖೋಲಿಯಲ್ಲಿ ಇದ್ದಳು. ಕೋರೆಗಳು ಚಳಿಗಾಲ ಮುಗಿಯುವುದರೊಳಗೆ ತಮ್ಮ ಜಾಗ ಹಿಡಿದವು, ಅಂಗುಳ ಮಾಯಿತು. ಆ ನಾಯಿ ಬೆಳೆದು ಹತ್ತಿರದ ದುಬಲಗುಂಡಿಯ ಹೊಲಗಳಲ್ಲಿ ಮೊಲ ಹಿಡಿದು, ಒಂದು ಹಲ್ಲಿನ ಗುರುತೂ ಆಗದ ಹಾಗೆ ತಂದು ಅವಳ ಕಾಲ ಬಳಿ ಇಡುತ್ತಿತ್ತು.

ಮುಂದಿನ ವರ್ಷ ದೇವಡಿಯ ಕುದುರೆಗೆ ಹೊಟ್ಟೆನೋವು ಎಂದು ಮತ್ತೆ ಹೋದೆ. ಬಾಯಿ ನೋಡುವ ದಿನ ಕಳೆದಿತ್ತು. ಕೊಟ್ಟಿಗೆಯಲ್ಲಿ ಜೋಡಿ ಕೋರೆಯ ಎರಡು ಮರಿ ಕುರಿಯ ಗೊರಸು ಜಗಿಯುತ್ತ ಬಿದ್ದಿದ್ದವು. ಇವನ್ನು ಯಾಕೆ ಗಣಿಗೆ ಒಯ್ಯಲಿಲ್ಲ ಎಂದು ಒಬ್ಬ ಆಳನ್ನು ಕೇಳಿದೆ.

"ಯಾರು ಒಯ್ಯಬೇಕ್ರಿ?" ಎಂದ. "ಹಗ್ಗ ಹಿಡಿಯೋರ ಸಿಗಲಿಲ್ಲ."

ನಾನು ಪೆಟ್ಟಿಗೆಯಿಂದ ಪತ್ತಾರನ ಉಳಿ ತೆಗೆದೆ. ಮೀರ್‌ಶಿಕಾರಿ ದೂರದಲ್ಲಿ ನಿಂತಿದ್ದ. ಹತ್ತಿರ ಬಂದು, ನೆಲದ ಮೇಲೆ ಕೂತು, ಮರಿಯ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡ.